ಪ್ಲಗ್ ಕಿತ್ತು ನೋಡಿ ಆರಿಸಿದ ಯಂತ್ರ

ಮಂಗಳೂರಿನ ಯಂತ್ರೋಪಕರಣದ ಅಂಗಡಿಯೊಂದರಲ್ಲಿ ಸೇಲ್ಸ್‌ಮನ್ ತನ್ನ ಸಿಎನ್‌ಸಿ ರೂಟರಿನ ಗುಣಗಾನ ಮಾಡುತ್ತಿದ್ದಾಗ ಬೆಳುವಾಯಿಯ ಸಾಧನಾ ಬಗ್ಗಿ ಗೋಡೆಯ ಪ್ಲಗ್ ಕಿತ್ತರು.

ಕಂಪ್ಯೂಟರ್ ಹೇಳಿದ ದಾರಿಯಲ್ಲಿ ಮರ ಕೊರೆಯುವ ಆ ಪುಟ್ಟ ಯಂತ್ರ ಮೇಜಿನ ಮೇಲೆ ಒಂದು ಹಲಸಿನ ಹಲಗೆಯನ್ನು ಕೊರೆಯುತ್ತಿತ್ತು. ಹಲಗೆ ಸಾಧನಾ ಅವರದೇ, ಮನೆಯಿಂದ ಹೊತ್ತು ತಂದದ್ದು. ಮೊದಲ ಗುಳಿ ಮುಗಿದು ಎರಡನೆಯದು ಅರ್ಧವಾಗಿತ್ತು. ಕೊರೆಯುವ ಮೊನೆ ಮರದೊಳಗೇ ನಿಂತುಬಿಟ್ಟಿತು.

“ಮೇಡಂ, ಎಂತ ಮಾಡಿದ್ದು ನೀವು?”

“ನಾನು ಮಾಡಿದ್ದಲ್ಲ. ಕರೆಂಟ್ ಹೋದದ್ದು. ನಮ್ಮಲ್ಲಿ ಹೀಗೇ ಹೋಗ್ತದೆ, ಹೇಳಿ ಹೋಗುವ ಕ್ರಮ ಇಲ್ಲ. ಈಗ ಪುನಃ ಹಾಕುವ, ಎಲ್ಲಿಂದ ಶುರು ಮಾಡ್ತದೆ ನೋಡುವ.”

ಪ್ಲಗ್ ಹಾಕಿದರು. ತಾನು ಎಲ್ಲಿದ್ದೆ, ಎಷ್ಟು ಆಳದಲ್ಲಿದ್ದೆ ಎಂಬುದು ಯಂತ್ರಕ್ಕೆ ಮರೆತೇ ಹೋಗಿತ್ತು. ನಿಂತ ಜಾಗವನ್ನೇ ಆರಂಭವೆಂದು ತಿಳಿದು ಅದು ಪಕ್ಕಕ್ಕೆ ಸರಿಯಿತು, ಇರಬಾರದ ಕಡೆ ಗುಳಿ ತೋಡಿತು, ಹಲಗೆಯ ತಳ ದಾಟಿ ಕೆಳಗಿನ ಮೇಜಿಗೂ ತೂತು ಮಾಡಿತು. ಸೇಲ್ಸ್‌ಮನ್ ಓಡಿ ಬಂದು ಆಫ್ ಮಾಡುವಷ್ಟರಲ್ಲಿ ಮರದ ಹುಡಿ ಅವರ ಅಂಗಿಯ ಮೇಲೆಲ್ಲ ಬಿದ್ದಿತ್ತು.

“ಹೀಗೆಲ್ಲ ಯಾರೂ ಟೆಸ್ಟ್ ಮಾಡುವುದಿಲ್ಲ ಮೇಡಂ. ಬೇರೆ ಮೆಷಿನ್ ಮುಟ್ಟಬೇಡಿ, ದಯವಿಟ್ಟು.”

ಜೊತೆಗೆ ಬಂದಿದ್ದ ಅಣ್ಣ ರಿಷಭ್ ಅಷ್ಟರಲ್ಲಿ ಅಂಗಡಿಯ ಹೊರಗೆ ಹೋಗಿ ನಿಂತಿದ್ದರು.

ಸಾಧನಾ ಅವರಿಗೆ ನಲವತ್ತಮೂರು. ಮದುವೆಗೆ ನೋಡಲು ಬಂದವರನ್ನೆಲ್ಲ ತಾವೇ ನೋಡಿ ಬೇಡವೆಂದವರು. ಕೆಲವು ವರ್ಷ ಮೂಡುಬಿದಿರೆಯ ಒಂದು ಕಚೇರಿಯಲ್ಲಿ ಕೆಲಸ ಮಾಡಿದರು. ಒಂದು ದಿನ ಮ್ಯಾನೇಜರ್ “ನಿಮಗೆ ಮನೆಯಲ್ಲಿ ಕೆಲಸ ಇಲ್ವಾ?” ಎಂದು ಕೇಳಿದ್ದಕ್ಕೆ “ಉಂಟು” ಎಂದು ಎದ್ದು ಬಂದವರು ಮತ್ತೆ ಆ ಕಡೆ ಹೋಗಲಿಲ್ಲ. ಬೆಳುವಾಯಿಯ ತಾಯಿಮನೆಯ ಪಕ್ಕದಲ್ಲಿ, ಹಿಂದೆ ಭತ್ತ ಕುಟ್ಟುತ್ತಿದ್ದ ಕೊಟ್ಟಿಗೆಯಲ್ಲಿ, ಚೆನ್ನೆಮಣೆ ಮಾಡಿಸಿ ಮಾರತೊಡಗಿದರು. ಮಂಗಳೂರಿನ ಕರಕುಶಲ ಅಂಗಡಿಗಳಿಗೆ, ಮುಂಬಯಿಯ ತುಳುವರಿಗೆ, ದುಬೈಗೆ ಹೋಗುವವರ ಪೆಟ್ಟಿಗೆಗೆ.

ಚೆನ್ನೆಮಣೆ ಎಂದರೆ ಎರಡು ಸಾಲಿನಲ್ಲಿ ಏಳೇಳು ಗುಳಿಗಳಿರುವ ಮರದ ಮಣೆ. ಎದುರುಬದುರು ಕುಳಿತ ಇಬ್ಬರು ಗುಳಿಯಿಂದ ಗುಳಿಗೆ ಕೆಂಪು ಮಂಜಟ್ಟಿ ಕಾಯಿ ಹಂಚುತ್ತ ಆಡುತ್ತಾರೆ. ಈ ಕಡೆಯ ಹಳೆಯ ಮನೆಗಳಲ್ಲಿ ಅದಕ್ಕೊಂದು ಕಾಲವಿದೆ. ಆಟಿ ತಿಂಗಳಲ್ಲಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕ, ಮಣೆ ಅಟ್ಟದಿಂದ ಇಳಿಯುತ್ತದೆ. ಸೋಣ ತಿಂಗಳು ಹುಟ್ಟಿದ ದಿನ ತೊಳೆದು ಮತ್ತೆ ಮೇಲಿಡುತ್ತಾರೆ. ಉಳಿದ ತಿಂಗಳುಗಳಲ್ಲಿ ಅದನ್ನು ಮುಟ್ಟುವುದಿಲ್ಲ.

ಸಾಧನಾ ಅವರ ಮಣೆಗಳಿಗೆ ಗುಳಿ ತೋಡುತ್ತಿದ್ದವರು ವೇಣೂರಿನ ತುಕ್ರಪ್ಪ. ಕಳೆದ ಸುಗ್ಗಿಯ ಹೊತ್ತಿಗೆ ಅವರ ಬಲಭುಜ ಕೈಕೊಟ್ಟಿತು.

“ಅಕ್ಕಾ, ನನ್ನ ಭುಜ ಪೆನ್ಶನ್ ಕೇಳ್ತಾ ಉಂಟು” ಎಂದರು ತುಕ್ರಪ್ಪ. “ಒಂದು ಗುಳಿ ತೋಡಿದರೆ ಮರುದಿನ ಊಟದ ಬಟ್ಟಲು ಎತ್ತಲಿಕ್ಕಾಗುದಿಲ್ಲ.”

“ಹಾಗಾದರೆ ನಿಲ್ಲಿಸುವುದಾ ತುಕ್ರಪ್ಪಣ್ಣ?”

“ನಿಲ್ಲಿಸುದು ಯಾಕೆ? ಗುಳಿಗೆ ಮೆಷಿನ್ ತನ್ನಿ. ಉಜ್ಜುದು, ಕಾಲು ಕೂರಿಸುದು, ಎಣ್ಣೆ ಕೊಡುದು ನಾನು. ಮೆಷಿನಿಗೆ ಭುಜ ಇಲ್ಲ. ಬಾಯಿಯೂ ಇಲ್ಲ, ಅದೊಂದು ನಿಮಗೆ ಬೇಜಾರಾಗಬಹುದು.”

ಮೆಷಿನ್ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ರಿಷಭ್ ಉತ್ಸಾಹದಿಂದ ಮನೆಗೆ ಬಂದರು. ಮೂಡುಬಿದಿರೆಯಲ್ಲಿ ಅವರಿಗೆ ಪ್ಲೈವುಡ್ ಅಂಗಡಿಯಿದೆ.

“ತೆಗೆಯುವುದಾದರೆ ದೊಡ್ಡದೇ ತೆಗೆಯುವ. ಎಂಟಡಿ ಉದ್ದದ್ದು. ಅಂಗಡಿಯ ಹಿಂದೆ ಜಾಗ ಉಂಟು, ತ್ರೀ ಫೇಸ್ ಉಂಟು. ನಾನೇ ಹಾಕಿಸ್ತೇನೆ. ನೀನು ಬಸ್ಸಲ್ಲಿ ಬಂದು ಡಿಸೈನ್ ಮಾಡು. ಬಾಗಿಲು, ಅಡುಗೆಮನೆಯ ಶಟರ್, ಎಲ್ಲ ಹೊಡೆಯುವ.”

“ಮಣೆ?”

“ಮಣೆಯೂ ಹೊಡೆಯುವ ಮಾರಾಯ್ತಿ. ಪುರುಸೊತ್ತು ಸಿಕ್ಕಿದಾಗ.”

ಸಾಧನಾ ಆ ಕೊನೆಯ ಎರಡು ಪದಗಳನ್ನು ಬಿಡದೆ ಹಿಡಿದುಕೊಂಡರು. ಅಂಗಡಿಯ ಹಿಂದಿನ ಯಂತ್ರ ಅಂಗಡಿಯದು. ಬಾಗಿಲಿನ ಕೆಲಸ ಎಂದಿಗೂ ಮುಗಿಯುವುದಿಲ್ಲ. ಪುರುಸೊತ್ತು ಸಿಕ್ಕಿದಾಗ ಎಂದರೆ ಚೆನ್ನೆಮಣೆ ಇಲ್ಲ ಎಂದೇ ಅರ್ಥ. “ನನಗೆ ಸಣ್ಣದು ಸಾಕು. ಕೊಟ್ಟಿಗೆಯಲ್ಲಿ ಕೂರುವಂಥದ್ದು” ಎಂದರು. ಸಣ್ಣದು ಎಷ್ಟು ಕೆಲಸಕ್ಕೆ ಬಾರದ್ದೆಂದು ತೋರಿಸಲಿಕ್ಕೆಂದೇ ರಿಷಭ್ ತಂಗಿಯನ್ನು ಮಂಗಳೂರಿಗೆ ಕರೆದುಕೊಂಡು ಹೋಗಿದ್ದರು.

ಮರಳುವ ದಾರಿಯಲ್ಲಿ ಕಾರಿನೊಳಗೆ ರಿಷಭ್ ಹೇಳಿದರು: “ಆಟಿಕೆ ಅಂತ ಈಗ ನಿನಗೇ ಗೊತ್ತಾಯ್ತಲ್ಲ.”

“ಆ ಒಂದು ಆಟಿಕೆ. ಇನ್ನೊಂದು ನೋಡ್ತೇನೆ.”

“ಇನ್ನು ನಾನು ಬರುವುದಿಲ್ಲ. ಮರ್ಯಾದೆಯ ಪ್ರಶ್ನೆ.”

“ಬೇಡ. ಬಸ್ಸುಂಟು.”

ಆಮೇಲಿನ ವಾರಗಳಲ್ಲಿ ಸಾಧನಾ ವಿಡಿಯೊ ನೋಡಿದರು, ಊರೂರಿಗೆ ಫೋನ್ ಮಾಡಿದರು. ಮೊದಮೊದಲು ಅವರು ಅಳೆಯುತ್ತಿದ್ದದ್ದು ಯಂತ್ರದ ಉದ್ದಗಲವನ್ನಷ್ಟೆ. ಒಂದು ಯಂತ್ರಕ್ಕೆ ಇನ್ನೇನು ಹೂಂ ಅನ್ನಬೇಕು, ಆಗ ನೆನಪಾಯಿತು: ಮಣೆಯ ಹಲಗೆ ದಪ್ಪ, ಕೊರೆಯುವ ಮೊನೆ ಅದರ ಮೇಲೆ ಎದ್ದು ನಿಲ್ಲಬೇಕು. ಆ ಯಂತ್ರದ ಅಡ್ಡತೊಲೆಯ ಅಡಿಯಲ್ಲಿ ಹಲಗೆ ನುಗ್ಗುತ್ತಲೇ ಇರಲಿಲ್ಲ. ಹಲಸಿನ ಗಟ್ಟಿ ಮರದಲ್ಲಿ ರಬ್ಬರ್ ಬೆಲ್ಟಿನ ಯಂತ್ರ ಹಲ್ಲು ಜಾರುತ್ತದೆ, ತಿರುಪಿನ ಸರಳೇ ಬೇಕು ಎಂಬುದು ಇನ್ನೊಬ್ಬರು ಹೇಳಿ ತಿಳಿಯಿತು. ಮನೆಗೆ ಇರುವುದು ಸಿಂಗಲ್ ಫೇಸ್. ತ್ರೀ ಫೇಸ್ ಬರುವುದು ತೋಟದ ಪಂಪಿಗೆ, ಅದೂ ಅದರ ಇಷ್ಟದ ಹೊತ್ತಿಗೆ. ಎಲ್ಲಕ್ಕಿಂತ ಮುಖ್ಯವಾದದ್ದು ಪ್ಲಗ್ಗಿನ ಪರೀಕ್ಷೆ. ಅದನ್ನು ಬಿಟ್ಟುಕೊಡಲು ಅವರು ತಯಾರಿರಲಿಲ್ಲ. ಉಡುಪಿಯಲ್ಲೊಬ್ಬರು “ಕರೆಂಟ್ ಹೋದರೆ ಇನ್ವರ್ಟರ್ ಹಾಕಿ” ಎಂದು ಫೋನ್ ಇಟ್ಟರು.

ಹುಡುಕಾಟ ವಿಟ್ಲದಲ್ಲಿ ನಿಂತಿತು. ಅಲ್ಲಿನ ಫಾಝಿಲ್ ಶಾರ್ಜಾದ ಪೀಠೋಪಕರಣದ ಕಾರ್ಖಾನೆಯಲ್ಲಿ ಯಂತ್ರ ರಿಪೇರಿ ಮಾಡಿಕೊಂಡಿದ್ದು ಊರಿಗೆ ಬಂದವರು. ಸಣ್ಣ ರೂಟರುಗಳನ್ನು ತಾವೇ ಜೋಡಿಸುತ್ತಾರೆ. ಸಾಧನಾ ಹೋದಾಗ ಅವರ ಶೆಡ್ಡಿನಲ್ಲಿ ಯಂತ್ರವೊಂದು ಕುರಾನ್ ಇಡುವ ಮಡಚುಪೀಠದ ಮೇಲೆ ಬಳ್ಳಿ ಬಿಡಿಸುತ್ತಿತ್ತು.

“ಒಂದು ಕೆಲಸ ಮಾಡಿದರೆ ಸಿಟ್ಟು ಬರ್ತದಾ?” ಸಾಧನಾ ಕೇಳಿದರು.

“ಎಂತ ಕೆಲಸ?”

“ಪ್ಲಗ್ ಕೀಳ್ತೇನೆ.”

ಫಾಝಿಲ್ ನಕ್ಕರು. “ಪೀಠ ಬೇಡ ಅಕ್ಕ, ಅದು ಗಿರಾಕಿಯದ್ದು. ನಿಮ್ಮ ಹಲಗೆ ಹಾಕುವ, ಆಮೇಲೆ ಕೀಳಿ. ಇಲ್ಲಿ ನಿಮಗಿಂತ ಮೊದಲೇ ಕರೆಂಟಿನವರು ದಿನಾ ಕೀಳ್ತಾರೆ.”

ಎರಡನೆಯ ಗುಳಿ ಅರ್ಧವಾದಾಗ ಸಾಧನಾ ಕಿತ್ತರು. ಮತ್ತೆ ಹಾಕಿದಾಗ ಯಂತ್ರ ಮೊದಲು ಮೊನೆಯನ್ನು ಮೇಲೆತ್ತಿತು. ಆಮೇಲೆ ಮೆಲ್ಲನೆ ಒಂದು ಮೂಲೆಗೆ ಹೋಗಿ ಅಲ್ಲಿನ ಪುಟ್ಟ ಸ್ವಿಚ್ಚುಗಳನ್ನು ಟಕ್ಕೆಂದು ಮುಟ್ಟಿ ತನ್ನ ಆರಂಭದ ಜಾಗ ಗುರುತಿಸಿಕೊಂಡಿತು. ಫಾಝಿಲ್ ಲ್ಯಾಪ್‌ಟಾಪಿನಲ್ಲಿ ಆದೇಶಗಳ ಪಟ್ಟಿಯಲ್ಲಿ ಕೆಲಸ ನಿಂತ ಸಾಲನ್ನು ಹುಡುಕಿ ಒತ್ತಿದರು. ಮೊನೆ ಬಂದು ಬಿಟ್ಟ ಗುಳಿಯಲ್ಲೇ ಇಳಿಯಿತು.

ಫಾಝಿಲ್ ಗುಳಿಯೊಳಗೆ ಬೆರಳಾಡಿಸಿ ತಾವೇ ಹೇಳಿದರು: “ಒಂದು ಕೂದಲು ಆಚೆ ಹೋಯ್ತು. ಇಲ್ಲಿ ಮೆಟ್ಟಿಲು ಸಿಗ್ತದೆ ನೋಡಿ.”

“ಅದು ತುಕ್ರಪ್ಪಣ್ಣನ ಉಜ್ಜುಕಾಗದದಲ್ಲಿ ಹೋಗ್ತದೆ” ಎಂದ ಸಾಧನಾ ಇನ್ನೂ ಎರಡು ಸಲ ಕಿತ್ತು ಹಾಕಿದರು.

“ಸಾಕು ಅಕ್ಕ. ಇನ್ನೊಮ್ಮೆ ಕಿತ್ತರೆ ಗೋಡೆಯೇ ಬರ್ತದೆ.”

ಯಂತ್ರ ಪಾಸಾಯಿತು. ಆದರೆ ಅದು ತೋಡಿದ್ದು ಗುಳಿ. ಗುಳಿಗಳೆಲ್ಲ ಸೇರಿ ಮಣೆಯಾಗಿದೆಯೇ ಎಂದು ಹೇಳಬೇಕಾದವರು ಬೇರೆ ಇದ್ದರು. ಸಾಧನಾ ಅವರ ತಾಯಿ ಕಮಲಾವತಿಗೆ ಎಪ್ಪತ್ತು ದಾಟಿದೆ. ಚೆನ್ನೆಯಲ್ಲಿ ಅವರನ್ನು ಸೋಲಿಸಿದವರು ಸುತ್ತಲಿನ ಮನೆಗಳಲ್ಲಿ ಇಲ್ಲ. ವಿಟ್ಲದಲ್ಲಿ ಕೊರೆಸಿಕೊಂಡು ಬಂದ ಹೊಸ ಮಣೆಯನ್ನು ಸಾಧನಾ ತಾಯಿಯ ಮುಂದಿಟ್ಟು ಕಾಯಿಯ ಡಬ್ಬ ತೆರೆದರು. ಕಮಲಾವತಿ ಮುಚ್ಚಳ ಹಾಕಿದರು.

“ಇದು ಬೇಶ ತಿಂಗಳು. ಆಟಿ ಬರಲಿ.”

“ಆಟ ಅಲ್ಲಮ್ಮ. ಬರೀ ಪರೀಕ್ಷೆ.”

“ಕಾಯಿ ಹಾಕಿದರೆ ಆಟವೇ. ಪರೀಕ್ಷೆ ಅಂತ ಎರಡು ತುತ್ತು ಉಂಡರೆ ಉಪವಾಸ ಉಳಿತದಾ?”

ಸಂಕಟವೆಂದರೆ ಮಣೆಗಳು ಮಾರಾಟವಾಗುವುದು ಆಟಿಗೆ ಮೊದಲಿನ ವಾರಗಳಲ್ಲಿ. ಆಟಿ ಬಂದ ಮೇಲೆ ಪರೀಕ್ಷೆ ಮಾಡಿದರೆ ಆ ವರ್ಷದ ವ್ಯಾಪಾರ ಹೋದಂತೆಯೇ. ರಿಷಭ್ ಇದನ್ನು ಹೇಳಲೆಂದೇ ಒಂದು ಭಾನುವಾರ ಬಂದರು.

“ಮೆಷಿನ್ ತೆಗೆದುಕೊಳ್ಳಲಿಕ್ಕೆ ಆಟಿ ಕಾಯುವವರನ್ನು ನಾನು ಕಂಡಿಲ್ಲ. ಮದುವೆಗೆ ಮುಹೂರ್ತ ಬೇಡ ಅಂದವಳು ನೀನು, ಮೆಷಿನಿಗೆ ಮುಹೂರ್ತವಾ? ಕೊರೆದು ಮಾರು. ಗೋಡೆಗೆ ತೂಗಹಾಕುವವರೇ ಹೆಚ್ಚು, ಆಡುವವರು ಯಾರುಂಟು?”

“ಒಬ್ಬರು ಆಡ್ತಾರೆ. ತುಕ್ರಪ್ಪಣ್ಣನ ಗುಳಿ ನನಗೆ ಗೊತ್ತುಂಟು, ಕಣ್ಣು ಮುಚ್ಚಿ ಮಾರ್ತಿದ್ದೆ. ಇದರದ್ದು ಗೊತ್ತಿಲ್ಲ. ಆಡಿ ನೋಡದ ಮಣೆ ನಾನು ಮಾರುವುದಿಲ್ಲ.”

“ಈ ಹಟಕ್ಕೆ ಕೊನೆ ಉಂಟಾ?”

“ಉಂಟು. ಆಟಿ ಮುಗಿಯುವುದರೊಳಗೆ ಅಮ್ಮ ನನ್ನ ಮೆಷಿನಿನ ಮಣೆಯಲ್ಲಿ ಒಂದು ಆಟ ಪೂರ್ತಿ ಆಡಬೇಕು. ನಡುವೆ ಬಿಟ್ಟು ಏಳಬಾರದು. ಆಡಿದರೆ ಮೆಷಿನ್ ಕೊಟ್ಟಿಗೆಯಲ್ಲೇ ಇರ್ತದೆ, ನೀನು ದೊಡ್ಡದರ ಮಾತು ಎತ್ತಬಾರದು. ಇಲ್ಲದಿದ್ದರೆ ನಾನು ಬಸ್ಸು ಹತ್ತಿ ನಿನ್ನ ಅಂಗಡಿಗೆ ಬರ್ತೇನೆ, ಬಾಗಿಲು ಕೊರೀತೇನೆ.”

ರಿಷಭ್ ತಾಯಿಯ ಕಡೆ ತಿರುಗಿದರು. “ಕೇಳಿತಾ ಅಮ್ಮ? ಮಗಳಿಗೋಸ್ಕರ ಅಂತ ಸುಮ್ಮನೆ ಆಡಿ ಮುಗಿಸಬಾರದು ಮತ್ತೆ.”

“ನಾನು ಯಾರಿಗೋಸ್ಕರವಾದರೂ ಸೋತದ್ದುಂಟಾ?” ಎಂದರು ಕಮಲಾವತಿ. ಇಬ್ಬರು ಮಕ್ಕಳಿಗೂ ಅದು ಸತ್ಯವೆಂದು ಗೊತ್ತಿತ್ತು.

ಫಾಝಿಲ್‌ಗೆ ಫೋನಿನಲ್ಲಿ ಸಾಧನಾ ವಿಷಯ ತಿಳಿಸಿದರು. “ಅಮ್ಮ ಆಟ ಆಡಿದ ಮೇಲೆ ಮಗಳು ಮೆಷಿನ್ ತೆಗೆದುಕೊಳ್ಳುವ ಕ್ರಮ ನಾನು ಗಲ್ಫಲ್ಲೂ ನೋಡಿಲ್ಲ” ಎಂದರು. ಆದರೂ ಯಂತ್ರವನ್ನು ಜೀಪಿನಲ್ಲಿ ತಂದು ಕೊಟ್ಟಿಗೆಯಲ್ಲಿ ಕೂರಿಸಿಕೊಟ್ಟರು. ಆಟಿ ಕಳೆಯುವ ತನಕ ಇಲ್ಲಿರಲಿ, ಬೇಡವೆಂದರೆ ಬಂದು ಒಯ್ಯುತ್ತೇನೆ ಎಂಬುದು ಅವರ ಮಾತು. ಮುಂಬಯಿಯಿಂದ ಮಣೆ ಕೇಳಿದವರಿಗೆ ಸಾಧನಾ ಈ ವರ್ಷ ಇಲ್ಲ ಎಂದು ಉತ್ತರ ಕೊಟ್ಟರು.

ಆಟಿ ಮಳೆಯೊಂದಿಗೆ ಬಂತು. ಕಮಲಾವತಿ ಮನೆಯ ಹಳೆಯ ಮಣೆಯನ್ನು ಅಟ್ಟದಿಂದ ಇಳಿಸಿ ಒರೆಸಿಟ್ಟರು. ಆಮೇಲೆ ಯಂತ್ರದ ಮಣೆಯ ಮುಂದೆ ಕುಳಿತು ಕಾಯಿ ತುಂಬಿದರು. ಎರಡು ಸುತ್ತು ಆಡುವಷ್ಟರಲ್ಲಿ ಕಾಯಿಗಳು ಗುಳಿಯಿಂದ ಪುಟಿದು ಚಾಪೆಯ ಮೇಲೆ ಬಿದ್ದವು.

“ಇದು ಮಣೆ ಅಲ್ಲ, ಇಡ್ಲಿ ತಟ್ಟೆ” ಎಂದು ಕಮಲಾವತಿ ಎದ್ದರು.

ಸಾಧನಾ ಎರಡನೆಯ ಮಣೆಯಲ್ಲಿ ಗುಳಿಗಳನ್ನು ಆಳ ಮಾಡಿದರು. ಈಗ ಕಾಯಿ ಹಾರಲಿಲ್ಲ, ಆದರೆ ತೆಗೆಯಲು ಹೋದ ಬೆರಳಿನ ಉಗುರು ಗೋಡೆಗೆ ಬಡಿಯುತ್ತಿತ್ತು. “ಇದು ಬಾವಿ. ಹಗ್ಗ ಕೊಡು” ಎಂದು ಕಮಲಾವತಿ ಮತ್ತೆ ಎದ್ದರು. ಮೂರನೆಯ ಹಲಗೆಯನ್ನು ಬಿಗಿಯುವಾಗ ಸಾಧನಾ ಅವರೇ ತಪ್ಪು ಮಾಡಿದರು. ಹಲಗೆ ಹಿಡಿದಿಡುವ ಕ್ಲಾಂಪ್ ದಾರಿಗಡ್ಡ ನಿಂತಿತ್ತು, ಮೊನೆ ಅದಕ್ಕೆ ಬಡಿದು ತುಂಡಾಯಿತು, ಹಲಗೆ ಸೀಳಿತು. ಒಣಗಿದ ಹಲಗೆ ಇನ್ನು ಮನೆಯಲ್ಲಿರಲಿಲ್ಲ.

ಆ ಸಂಜೆ ತಾಯಿ ನೆರೆಮನೆಯವರೊಂದಿಗೆ ಹಳೆಯ ಮಣೆಯಲ್ಲಿ ಆಡುತ್ತಿದ್ದರು. ಸಾಧನಾ ಪಕ್ಕದಲ್ಲಿ ಕುಳಿತು ಆಟ ನೋಡಲಿಲ್ಲ, ಬೆರಳು ನೋಡಿದರು. ಬೆರಳುಗಳು ಗುಳಿಗೆ ಇಳಿಯುತ್ತಿರಲಿಲ್ಲ. ಆಚೆಯಿಂದ ಮೈಕಡೆಗೆ ಒಮ್ಮೆ ಬಳಿದರೆ ಕಾಯಿಗಳೆಲ್ಲ ಒಟ್ಟಿಗೆ ಅಂಗೈಗೆ ಬರುತ್ತಿದ್ದವು. ಆಟ ಮುಗಿದ ಮೇಲೆ ಸಾಧನಾ ಅಡುಗೆಮನೆಯಿಂದ ರೊಟ್ಟಿಗೆಂದು ಕಲಸಿಟ್ಟಿದ್ದ ಅಕ್ಕಿಹಿಟ್ಟು ತಂದರು. ಎಣ್ಣೆ ಸವರಿದ ಗುಳಿಗೆ ಒತ್ತಿ, ಮೆಲ್ಲನೆ ಎಬ್ಬಿಸಿ, ನಡುವೆ ದಾರದಿಂದ ಕೊಯ್ದರು. ಹಿಟ್ಟಿನ ಉಂಡೆ ಅರ್ಧಗೋಲವಾಗಿರಲಿಲ್ಲ. ಆಚೆಯ ಬದಿ ಕಡಿದಾಗಿತ್ತು, ಆಡುವವರ ಕಡೆಯ ಬದಿ ಇಳಿಜಾರು. ಎದುರು ಸಾಲಿನ ಗುಳಿಗಳು ಎದುರಿನವರ ಕಡೆಗೆ ಇಳಿದಿದ್ದವು.

“ಅದನ್ನು ಹಾಗೇ ಇಡಬೇಡ, ಕಾವಲಿಗೆ ಹಾಕು” ಎಂದರು ಕಮಲಾವತಿ. “ರೊಟ್ಟಿಗೆ ಹಿಟ್ಟು ಕಡಿಮೆ ಬೀಳ್ತದೆ.”

ಸಾಧನಾ ಅರ್ಧ ಉಂಡೆಯನ್ನು ಮಾತ್ರ ಕಾವಲಿಗೆ ಕೊಟ್ಟರು. ಮರುದಿನ ಬಂದ ತುಕ್ರಪ್ಪ ಉಳಿದರ್ಧವನ್ನು ತಿರುಗಿಸಿ ತಿರುಗಿಸಿ ನೋಡಿದರು. “ಇದು ನನ್ನ ಕೈ ಅಲ್ಲ. ಯಾವ ಉಳಿಯೂ ಹೀಗೆ ತೋಡುದಿಲ್ಲ. ಆಡಿದವರ ಬೆರಳು ತೇದದ್ದು. ಹೊಸದರಲ್ಲಿ ನನ್ನದೂ ಇಡ್ಲಿ ತಟ್ಟೆಯೇ ಅಕ್ಕ. ಆದರೆ ನನ್ನ ಹತ್ತಿರ ಯಾರೂ ಹೇಳಲಿಲ್ಲ.”

ಇಷ್ಟು ವರ್ಷ ಕಣ್ಣು ಮುಚ್ಚಿ ಮಾರಿದ ಮಣೆಗಳ ಲೆಕ್ಕ ಸಾಧನಾ ಅವರ ಮುಖದಲ್ಲಿ ಒಂದು ಕ್ಷಣ ಕಾಣಿಸಿಕೊಂಡಿತು. “ಈಗ ಹೇಳಿದರಲ್ಲ” ಎಂದರು.

ಉಂಡೆಯ ಕೊಯ್ದ ಅಂಚನ್ನು ಚೌಕುಳಿ ಹಾಳೆಯ ಮೇಲಿಟ್ಟು ಗೆರೆ ಎಳೆದು ಲ್ಯಾಪ್‌ಟಾಪಿಗೆ ಹಾಕುವುದು, ತಪ್ಪುವುದು, ಫಾಝಿಲ್‌ಗೆ ಫೋನ್ ಮಾಡುವುದು, ಮತ್ತೆ ಹಾಕುವುದು. ಇದರಲ್ಲಿ ಆಟಿ ಸವೆಯಿತು. ತುಕ್ರಪ್ಪ ವೇಣೂರಿನ ತಮ್ಮ ಮನೆಯಲ್ಲಿ ಒಲೆಯ ಮೇಲಿನ ಅಟ್ಟದಲ್ಲಿ ಒಣಗಲು ಇಟ್ಟಿದ್ದ ಹಲಗೆಗಳಲ್ಲಿ ಒಂದನ್ನು ಗೋಣಿಯಲ್ಲಿ ಸುತ್ತಿ ಬಸ್ಸಿನಲ್ಲಿ ತಂದರು. ಅದನ್ನು ಯಂತ್ರಕ್ಕೆ ಬಿಗಿದದ್ದು ಆಟಿಯ ಕೊನೆಯ ದಿನ ಬೆಳಗ್ಗೆ. ಈ ಸಲ ಕ್ಲಾಂಪುಗಳನ್ನು ಇಬ್ಬರೂ ಬೇರೆ ಬೇರೆಯಾಗಿ ನೋಡಿದರು.

ಮೊದಲ ಸಾಲು ಮುಗಿದು ಎರಡನೆಯ ಸಾಲು ಶುರುವಾದಾಗ ಕರೆಂಟ್ ಹೋಯಿತು.

ತುಕ್ರಪ್ಪ ಬೀಡಿ ಹಚ್ಚಲು ಹೊರಗೆ ಹೋದರು. ಸಾಧನಾ ಯಂತ್ರದ ಪಕ್ಕದಿಂದ ಏಳಲಿಲ್ಲ. ಮಳೆ ಹೆಂಚಿನ ಮೇಲೆ ಸುರಿಯುತ್ತಿತ್ತು. ಮಧ್ಯಾಹ್ನದ ಊಟದ ಹೊತ್ತು ದಾಟಿದ ಮೇಲೆ ಬಲ್ಬು ಹೊತ್ತಿತು. ಯಂತ್ರ ಮೊನೆ ಎತ್ತಿ, ಮೂಲೆಗೆ ಹೋಗಿ, ಟಕ್ಕೆಂದು ಮುಟ್ಟಿ, ಸಾಧನಾ ಸಾಲು ಹುಡುಕಿ ಒತ್ತಿದಾಗ ಬಿಟ್ಟ ಗುಳಿಗೆ ಮರಳಿತು. ಗುಳಿಯ ಗೋಡೆಯಲ್ಲಿ ಕೂದಲಿನಷ್ಟು ಮೆಟ್ಟಿಲು ಉಳಿಯಿತು. ತುಕ್ರಪ್ಪ ಅದನ್ನು ಉಜ್ಜಿ, ಮಣೆಗೆ ಎಣ್ಣೆ ಸವರಿ, ಬಟ್ಟೆಯಲ್ಲಿ ಒರೆಸಿ ಜಗಲಿಗೆ ತಂದಿಟ್ಟಾಗ ಅಂಗಳದಲ್ಲಿ ರಿಷಭ್ ಅವರ ಪಿಕಪ್ ಬಂದು ನಿಂತಿತ್ತು.

“ನಿನ್ನ ಸಾಮಾನು ಅಂಗಡಿಗೆ ಒಯ್ಯುವ ಅಂತ ಬಂದೆ. ನಾಳೆ ಸೋಣ” ಎಂದರು ರಿಷಭ್.

“ನಾಳೆ ಅಲ್ವಾ? ಇವತ್ತು ಆಟಿಯೇ” ಎಂದರು ಸಾಧನಾ. ಕಾಯಿ ತುಂಬಿ ತಾಯಿಯ ಎದುರು ಕುಳಿತರು.

“ನೀನು ಬೇಡ” ಎಂದರು ಕಮಲಾವತಿ. “ಮೆಷಿನ್ ನಿನ್ನದು, ಬೇಗ ಸೋತು ಮುಗಿಸಿಬಿಡ್ತೀ. ರಿಷಭಾ, ಬಾ.”

“ನನಗೆ ಹೊತ್ತಿಲ್ಲ ಅಮ್ಮ.”

“ಹೆದರಿಕೆಯಾ?”

ರಿಷಭ್ ಚಪ್ಪಲಿ ಬಿಟ್ಟು ಬಂದು ಕುಳಿತರು. ಅದು ಹೊತ್ತು ಕಂತುವ ಮೊದಲು ಊಟ ಮುಗಿಸುವ ಜೈನರ ಮನೆ. ಕಮಲಾವತಿ ಯಾವ ಕಾರಣಕ್ಕೂ ಅದನ್ನು ತಪ್ಪಿಸಿದವರಲ್ಲ. ಆಟ ಎಳೆದರೆ ನಡುವೆಯೇ ಏಳುತ್ತಾರೆ. ರಿಷಭ್‌ಗೂ ಅದು ಗೊತ್ತಿತ್ತು, ಮೊದಮೊದಲು ಪ್ರತಿ ಗುಳಿಯ ಮುಂದೂ ಯೋಚಿಸುವವರಂತೆ ಗಲ್ಲ ತುರಿಸಿಕೊಂಡರು. ಆದರೆ ಮೂರನೆಯ ಸುತ್ತಿನಲ್ಲಿ ತಾಯಿಯ ತುಂಬಿದ ಗುಳಿಯೊಂದು ಅವರ ಕೈಗೆ ಸಿಕ್ಕಿತು. ಆಮೇಲೆ ಅವರು ಗಲ್ಲ ತುರಿಸಲಿಲ್ಲ.

“ಅಮ್ಮ, ಅಲ್ಲಿ ಎರಡು ಕಾಯಿ ಹಾಕಿದ್ದು!”

“ಒಂದೇ. ಕನ್ನಡಕ ಬದಲಿಸು.”

“ನಾನು ನೋಡಿದ್ದೇನೆ.”

“ಅಂಗಡಿಯಲ್ಲಿ ಪ್ಲೈವುಡ್ ಅಳೆಯುವಾಗಲೂ ಹೀಗೇ ನೋಡುವುದಾ ನೀನು?”

ಒಮ್ಮೆ ಕಮಲಾವತಿ ಅವರ ಬೆರಳು ಗುಳಿಯೊಂದರಲ್ಲಿ ನಿಂತಿತು. ಕರೆಂಟ್ ಹೋಗಿ ಬಂದ ಗುಳಿ ಅದು. ಕಂಬಕ್ಕೆ ಒರಗಿದ್ದ ತುಕ್ರಪ್ಪ ನೆಟ್ಟಗಾದರು. ಕಮಲಾವತಿ ಯೋಚಿಸುತ್ತಿದ್ದದ್ದು ಮುಂದಿನ ನಡೆಯನ್ನು. ಬೆರಳು ಬಳಿಯಿತು, ಕಾಯಿಗಳು ಅಂಗೈಗೆ ಬಂದವು, ಆಟ ಸಾಗಿತು. ಪಶ್ಚಿಮದಲ್ಲಿ ಮೋಡದ ಅಂಚು ಕೆಂಪಾಗುವ ಹೊತ್ತಿಗೆ ರಿಷಭ್ ಅವರ ಸಾಲಿನಲ್ಲಿ ಒಂದು ಕಾಯಿಯೂ ಉಳಿದಿರಲಿಲ್ಲ.

“ಇನ್ನೊಂದು ಹಾಕುವ” ಎಂದರು ರಿಷಭ್, ಕಾಯಿ ಹಂಚತೊಡಗುತ್ತ. “ಈ ಸಲ ನೋಡ್ತೇನೆ.”

“ಇನ್ನೊಂದು ಬೇಡ ರಿಷಭಣ್ಣ” ಎಂದರು ತುಕ್ರಪ್ಪ ಕಂಬದ ಬಳಿಯಿಂದ. “ಪಂಥಕ್ಕೆ ಒಂದೇ ಸಾಕು.”

ರಿಷಭ್ ಅವರ ಕೈ ಮಣೆಯ ಮೇಲೆ ನಿಂತಿತು. ಮಣೆಯನ್ನು ನೋಡಿದರು, ತಾಯಿಯನ್ನು ನೋಡಿದರು. “ಅಮ್ಮ ಮಣೆಯ ಬಗ್ಗೆ ಒಂದು ಮಾತೂ ಹೇಳಲಿಲ್ಲ!”

“ಹೇಳಲಿಕ್ಕೆ ಎಂತ ಉಂಟು? ಮಣೆ” ಎಂದ ಕಮಲಾವತಿ ಊಟಕ್ಕೆ ಎದ್ದರು.

ರಿಷಭ್ ಸ್ವಲ್ಪ ಹೊತ್ತು ಕಾಯಿಗಳನ್ನು ಡಬ್ಬಕ್ಕೆ ತುಂಬುತ್ತ ಕುಳಿತರು. ಆಮೇಲೆ ತಂಗಿಯ ಕಡೆ ನೋಡದೆ ಹೇಳಿದರು: “ಗೆದ್ದೆ, ಆಯ್ತು. ಈಗ ಕೊರೆದು ಎಂತ ಮಾಡ್ತೀ? ಆಟಿ ಮುಗಿಯಿತು. ಈ ವರ್ಷ ಒಂದು ಮಣೆಯೂ ಮಾರಿದ್ದಿಲ್ಲ.”

“ಮಾರಿದ್ದಿಲ್ಲ. ಬರುವ ಆಟಿಗೆ ಕೊರೆಯುವ ಅಂತ.” ಸಾಧನಾ ಎದ್ದು ಅಂಗಳದಲ್ಲಿ ಖಾಲಿ ನಿಂತಿದ್ದ ಗಾಡಿಯತ್ತ ಕೈ ತೋರಿಸಿದರು. “ಪಿಕಪ್ ಹೇಗೂ ತಂದಿದ್ದಿ. ನಾಳೆ ಬೆಳಗ್ಗೆ ತುಕ್ರಪ್ಪಣ್ಣನನ್ನು ಕೂರಿಸಿಕೊಂಡು ವೇಣೂರಿಗೆ ಹೋಗು. ಅಟ್ಟದಲ್ಲಿ ಇನ್ನೂ ಹಲಗೆ ಉಂಟು. ಮಳೆ ತಾಗದ ಹಾಗೆ ಟಾರ್ಪಾಲು ಹೊದೆಸಿ ತಾ.”

“ನಾನಾ?”

“ಬಸ್ಸಲ್ಲಿ ಒಂದೊಂದೇ ತರಬೇಕಷ್ಟೆ. ನಿನ್ನದರಲ್ಲಿ ಎಲ್ಲ ಒಟ್ಟಿಗೆ ಹಿಡಿಸ್ತದೆ.”

ಮರುದಿನ ಬೆಳಗ್ಗೆ ಕಮಲಾವತಿ ಹಳೆಯದು, ಹೊಸದು ಎರಡು ಮಣೆಗಳನ್ನೂ ತೊಳೆದು ಒರೆಸಿ ಅಟ್ಟಕ್ಕೆ ಏರಿಸಿದರು. ಪಿಕಪ್ ವೇಣೂರಿಗೆ ಹೊರಟಾಗ ಸಾಧನಾ ಕೊಟ್ಟಿಗೆಯಲ್ಲಿದ್ದರು. ಸೀಳಿದ ಹಲಗೆಯ ತುಂಡೊಂದನ್ನು ಯಂತ್ರಕ್ಕೆ ಬಿಗಿದು, ಗುಳಿ ಅರ್ಧವಾಗುವ ತನಕ ಕಾದು, ಬಗ್ಗಿ ಪ್ಲಗ್ ಕಿತ್ತರು.